ಮೇರಮ್ಮನ ಜಾಗಕ್ಕೆ ಬಂದವಳು

ನಾನು ಬಸ್ಸಿಳಿದು ಇನ್ನೂ ಮೂರು ಗಂಟೆ ಆಗಿರಲಿಲ್ಲ. ಆಪರೇಷನ್ ಕೋಣೆಯಲ್ಲಿ ನನ್ನ ಕೈಯಿಂದ ಅರಿವಳಿಕೆ ಪಡೆದ ಮೊದಲ ಹೆಂಗಸು ಮೆಲ್ಲಗೆ ಕಣ್ಣು ತೆರೆದಳು. ಕಿಟಕಿಗೆ ಕಟ್ಟಿದ್ದ ಹಸಿರು ಬಟ್ಟೆಯಿಂದ ಸೋಸಿಬಂದ ಬಿಸಿಲು ಅವಳ ಮುಖದ ಮೇಲಿತ್ತು. ಅವಳು ನನ್ನನ್ನು ನೋಡಲಿಲ್ಲ. ನನ್ನ ಎಡಭುಜದ ಆಚೆ, ಯಾರೂ ಇಲ್ಲದ ಕಡೆ ನೋಡಿ ನಕ್ಕಳು.

"ಇನ್ನೂ ಇಲ್ಲೇ ಇದ್ದೀಯಾ ಮೇರಮ್ಮಾ? ನೀನು ಓದೆ ಅಂದ್ರಲ್ಲವ್ವಾ."

ನಾನು ವಿಜಾಪುರದ ಕಡೆಯವಳು. 'ಓದೆ' ಅಂದರೆ ಪುಸ್ತಕ ಓದಿದೆ ಅಂತಲೇ ತಿಳಿದುಕೊಂಡೆ. ನಾಗಮಂಗಲದ ಈ ಸೀಮೆಯಲ್ಲಿ ಹಕಾರವನ್ನು ಬಾಯಲ್ಲೇ ನುಂಗಿಬಿಡುತ್ತಾರೆ, ಅವಳು ಹೇಳಿದ್ದು 'ಹೋದೆ' ಎಂದು, ಅನ್ನುವುದನ್ನು ಸಿಸ್ಟರ್ ಜಯಮ್ಮ ಆಮೇಲೆ ಬಿಡಿಸಿ ಹೇಳಿದರು. ಮೇರಮ್ಮ ಯಾರು ಅಂದದ್ದಕ್ಕೆ ಮಾತ್ರ ಅವರು ನಲ್ಲಿ ತಿರುಗಿಸಿ ತೊಳೆದ ಕತ್ತರಿಗಳನ್ನೇ ಮತ್ತೆ ತೊಳೆಯತೊಡಗಿದರು.

ಊರಲ್ಲಿ ಉಳಿದಿರುವ ನನ್ನ ಜನರೇ, ನಾನು ಎಲ್ಲಿದ್ದೇನೆ, ಯಾಕೆ ವಾಪಸು ಬಂದಿಲ್ಲ ಎಂದು ಕೇಳುತ್ತಲೇ ಇರುತ್ತೀರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಬಂದಾಗ ಅದು ಇಪ್ಪತ್ತು ಮಂಚದ, ಹೆಂಚಿನ ಮಾಡಿನ ಕಟ್ಟಡ. ಸುತ್ತಲೂ ತೆಂಗು, ರಾಗಿ ಹೊಲ, ಕುರಿ.

ನಾನು ಲಂಬಾಣಿ ತಾಂಡಾದಲ್ಲಿ ಹುಟ್ಟಿದವಳು ಎಂಬುದು ನಿಮಗೆ ಗೊತ್ತು. ನನ್ನ ಅಪ್ಪ, ಯಾಡಿ ಇಬ್ಬರೂ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ವರ್ಷಕ್ಕೆ ಆರು ತಿಂಗಳು ಮಹಾರಾಷ್ಟ್ರದಲ್ಲಿರುತ್ತಿದ್ದರು. ಇಲ್ಲಿ ಯಾರಿಗೂ 'ಯಾಡಿ' ಎಂದರೆ ತಾಯಿ ಎಂದು ಗೊತ್ತಿಲ್ಲ. ನಾನು ಡಾಕ್ಟರಾದ ಕಥೆ ತಾಂಡಾದಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಅರಿವಳಿಕೆಯ ವಿಭಾಗಕ್ಕೆ ಯಾಕೆ ಹೋದೆ ಎಂಬುದು ಯಾರಿಗೂ ತಿಳಿದಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಪ್ರೊಫೆಸರು ಒಂದು ದಿನ ನನ್ನನ್ನು ಕರೆದು ಕೂರಿಸಿಕೊಂಡರು.

"ತಂಗಿ, ಈ ವಿಭಾಗದಾಗ ನಿಮ್ಮ ಕಡೀ ಮಂದಿಗೆ ಇಟ್ಟ ಸೀಟು ಭಾಳ ವರ್ಷದಿಂದ ಖಾಲಿ ಬಿದ್ದೈತಿ. ಕತ್ತಿ ಹಿಡದವರ ಹೆಸರು ಊರಾಗ ಉಳೀತೈತಿ. ಉಸಿರು ಕಾಯ್ದವರ ಹೆಸರು ಪೇಷಂಟಿಗೂ ಗೊತ್ತಿರಂಗಿಲ್ಲ. ಅದಕ್ಕ ಯಾರೂ ಬರಂಗಿಲ್ಲ. ನೀ ಬಾ, ನಾ ಕಲಸ್ತೀನಿ."

ಕಲಿಸಿದರು. ಚೆನ್ನಾಗಿಯೇ ಕಲಿಸಿದರು. ಆ ವಿಭಾಗದಲ್ಲಿ ನಮ್ಮ ಜನದವಳು ನಾನೊಬ್ಬಳೇ. ಓದು ಮುಗಿಯುವ ಹೊತ್ತಿಗೆ ಡಾ. ಪುಟ್ಟಸ್ವಾಮಿ ಎಂಬ ಸರ್ಜನ್ ನನ್ನನ್ನು ಹುಡುಕಿಕೊಂಡು ಅಷ್ಟು ದೂರ ಬಂದರು. ಈ ಸೀಮೆಯ ಒಕ್ಕಲು ಮನೆತನದವರು, ಐವತ್ತು ದಾಟಿದವರು, ಮೆಲುಮಾತಿನವರು. "ನಮ್ಮಲ್ಲಿ ಅರಿವಳಿಕೆ ಕೊಡೋರು ಇಲ್ಲಮ್ಮ. ಹೆರಿಗೆ ಕಷ್ಟ ಆದ ಹೆಣ್ಣುಮಕ್ಕಳನ್ನ ಜೀಪಲ್ಲಿ ಮಂಡ್ಯಕ್ಕೆ ಸಾಗಿಸ್ತೀವಿ. ಎಲ್ಲರೂ ತಲುಪೋದಿಲ್ಲ. ಮೈಸೂರು, ಬೆಂಗಳೂರಿನ ಮಕ್ಕಳು ಬರೋಲ್ಲ ಅಂತಾರೆ. ನೀವು ಬನ್ನಿ" ಎಂದರು. ಅಷ್ಟು ಗೌರವದಿಂದ ನನ್ನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ನನಗಿಂತ ಮೊದಲು ಇಬ್ಬರನ್ನು ಹೀಗೆಯೇ ಕರೆತಂದಿದ್ದರು, ಇಬ್ಬರೂ ವರ್ಷ ತುಂಬುವುದರೊಳಗೆ ಬಿಟ್ಟುಹೋಗಿದ್ದರು ಎಂಬುದನ್ನು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮನೆ ಹುಡುಕಲು ಜಯಮ್ಮ ಜೊತೆಗೆ ಬಂದರು. ಅವರು ಪಾಂಡವಪುರದವರು, ಕಾಲುವೆ ನೀರಿನ ಹಸಿರಲ್ಲಿ ಬೆಳೆದವರು, ಈ ಒಣಸೀಮೆಗೆ ತಾವೂ ಹೊರಗಿನವರೇ ಎಂದು ನಗುತ್ತಿದ್ದರು. ಮೊದಲ ಮನೆಯಲ್ಲಿ ಮಜ್ಜಿಗೆ ಕೊಟ್ಟರು. ಆಮೇಲೆ ಯಜಮಾನಿ ಕೇಳಿದಳು, "ನೀವು ಯಾವ ಜನ?"

ನಮ್ಮ ಕಡೆಯೂ ಜಾತಿ ಕೇಳುತ್ತಾರೆ, ಸುತ್ತಿ ಬಳಸಿ ಕೇಳುತ್ತಾರೆ. ಇಲ್ಲಿ ನೇರ. ನಾನೂ ನೇರವಾಗಿಯೇ ಹೇಳಿದೆ. ಲಂಬಾಣಿ ಎಂದ ಕೂಡಲೇ ಆಕೆ ಬಾಗಿಲ ಕಡೆ ನೋಡಿದಳು. "ಬ್ಯಾಸರ ಮಾಡ್ಕಬ್ಯಾಡಿ. ನಮ್ ಮಗ್ಳು ಬತ್ತಾವ್ಳೆ, ಮನೆ ಬೇಕಾಯ್ತದೆ." ಎರಡನೆಯ ಮನೆಯಲ್ಲೂ ಒಬ್ಬ ಮಗಳು ಬರುವವಳಿದ್ದಳು. ಮೂರನೆಯದರಲ್ಲೂ. ನಾಲ್ಕನೆಯ ಮನೆ ಮಾತ್ರ ಒಂದು ವರ್ಷದಿಂದ ಖಾಲಿ ಇತ್ತು. ಅದರ ಮಾಲೀಕ ತೋಟದಲ್ಲೇ ಇರುವವನು, ಏನೂ ಕೇಳದೆ ಬೀಗದ ಕೈ ಕೊಟ್ಟ. "ಇದು ಮೇರಮ್ಮ ಇದ್ದ ಮನೆ" ಎಂದು ಜಯಮ್ಮ ಬೀಗ ತೆಗೆದ ಮೇಲೆ ಹೇಳಿದರು.

ಮೇರಿ, ನನ್ನ ಹಿಂದಿನ ಅರಿವಳಿಕೆ ಡಾಕ್ಟರು. ಕೋಲಾರದ ಗಣಿ ಕೆಲಸಗಾರರ ಮಗಳು, ದಲಿತ ಕ್ರೈಸ್ತಳು. ಬೆಳಗಿನ ಬಸ್ಸಿಗೆ ಒಂದೇ ಚೀಲ ಹಿಡಿದು ಹೋದವಳು ಮಿಕ್ಕ ಸಾಮಾನಿಗೆ ಬರಲೇ ಇಲ್ಲವಂತೆ. ಅಡುಗೆಮನೆಯಲ್ಲಿ ಅವಳ ಸ್ಟವ್ ಇತ್ತು. ಗೋಡೆಗೆ ಕೂರಿಸಿದ ಮರದ ಬೀರುವಿನಲ್ಲಿ ಇಸ್ತ್ರಿ ಮಾಡಿದ ತಿಳಿನೀಲಿ ಸೀರೆ ಮಡಿಸಿದಂತೆಯೇ ಇತ್ತು. ಬೀರುವಿನ ಬಾಗಿಲ ಒಳಮೈಯಲ್ಲಿ ಪೆನ್ಸಿಲ್ಲಿನಲ್ಲಿ, ಸಣ್ಣ ದುಂಡು ಅಕ್ಷರದಲ್ಲಿ, ಹೆಸರುಗಳು. ಎಲ್ಲವೂ ಹೆಂಗಸರವು, ಪಕ್ಕದಲ್ಲಿ ಊರು, ಅದರ ಮುಂದೆ ಒಂದು ಸರಿ ಗುರುತು. ನನಗೆ ಕೂಡಲೇ ಅರ್ಥವಾಯಿತು. ಮಲಗಿಸಿದವರ ಹೆಸರು ಅವು, ಗುರುತು ಅವರು ಎದ್ದದ್ದಕ್ಕೆ. ಕಟ್ಟಕಡೆಯ ಹೆಸರು, ರತ್ನಮ್ಮ, ಸಂತೆಬಾಚಹಳ್ಳಿ. ಅದರ ಮುಂದೆ ಗುರುತು ಇರಲಿಲ್ಲ.

ಆ ಮನೆಯಲ್ಲಿ ಮೊದಲ ವಾರ ನನ್ನನ್ನು ಕಾಡಿದ್ದು ಮೇರಿಯಲ್ಲ, ಅಕ್ಕಪಕ್ಕದವರು. ಆಸ್ಪತ್ರೆಯಿಂದ ಬಂದು ಮಧ್ಯಾಹ್ನ ಜೋಳದ ರೊಟ್ಟಿ ಬಡಿಯುತ್ತಿದ್ದೆ. ನಾಲ್ಕನೆಯ ದಿನ ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ ನಡುಗುವ ದನಿಯಲ್ಲಿ, "ಒಳಗೆ ಯಾರವ್ವಾ ಇರಾದು?" ಎಂದಳು. ನಾನು ಹೊರಗೆ ಬಂದೆ, ಕೈತುಂಬ ಹಿಟ್ಟು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಮೂರು ದಿನದಿಂದ ಬೀದಿಯವರೆಲ್ಲ ಆ 'ಪಟ ಪಟ' ಸದ್ದು ಕೇಳಿ, ಖಾಲಿ ಮನೆಯೊಳಗೆ ಯಾರೋ ಎದೆ ಬಡಿದುಕೊಳ್ಳುತ್ತಿದ್ದಾರೆ ಎಂದು ಆ ಕಡೆ ಓಡಾಡುವುದನ್ನೇ ಬಿಟ್ಟಿದ್ದರಂತೆ. ರಾಗಿ ಮುದ್ದೆಯನ್ನು ಕೋಲಿನಲ್ಲಿ ತಿರುವಿ, ಅಗಿಯದೆ ನುಂಗುವ ಊರು ಇದು. ರೊಟ್ಟಿಯ ಸದ್ದು ಇವರ ಕಿವಿಗೆ ಎಂದೂ ಬಿದ್ದಿಲ್ಲ. ನನಗೆ ನಗು ಬಂತು. ಬಾಗಿಲು ಹಾಕಿಕೊಂಡ ಮೇಲೆ ನಗು ನಿಂತಿತು. ಈ ಬೀದಿಯಲ್ಲಿ ದೆವ್ವ ನಾನೇ ಎನ್ನುವುದು ಹೊಳೆಯಿತು.

ಊರವರು ನನ್ನನ್ನು ಸುಶೀಲಾ ಎಂದು ಕರೆಯಲಿಲ್ಲ. 'ಮತ್ತಿನ ಡಾಕ್ಟ್ರಮ್ಮ' ಎಂದರು, ಮತ್ತು ಬರಿಸುವವಳು ಎಂದು. ಎಷ್ಟೋ ಮಂದಿ 'ಮೇರಮ್ಮ' ಎಂದೇ ಕರೆದರು. ತಿದ್ದಿದರೆ "ಊಂ, ಅದೇ ಬುಡಿ" ಅನ್ನುತ್ತಿದ್ದರು.

ಅಲ್ಲಿ ನಾವು ಹೆಚ್ಚಾಗಿ ಬಳಸುತ್ತಿದ್ದ ಮದ್ದು ಕೆಟಮಿನ್. ಅದರಿಂದ ಏಳುವಾಗ ಮನುಷ್ಯರಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಒಬ್ಬಳು ಬಾವಿಯಿಂದ ಮೇಲೆ ಬಂದೆ ಅನ್ನುತ್ತಾಳೆ, ಇನ್ನೊಬ್ಬಳು ಸತ್ತ ಅಣ್ಣನನ್ನು ಮಾತಾಡಿಸುತ್ತಾಳೆ. ಇದು ಪಾಠದಲ್ಲೇ ಇದೆ, ಹೆದರುವಂಥದ್ದಲ್ಲ. ಆದರೆ ಎರಡು ತಿಂಗಳಲ್ಲಿ ಮೂವರು ಹೆಂಗಸರು, ಮೂರು ಬೇರೆ ಊರಿನವರು, ಕಣ್ಣು ಬಿಟ್ಟು ನನ್ನ ಎಡಭುಜದ ಆಚೆಯೇ ನೋಡಿದರು. "ಆ ನೀಲಿ ಸೀರೆಯವ್ರು ಯಾಕೆ ನಿಂತೇ ಅವ್ರೆ? ಕೂತ್ಕಳಾಕೆ ಏಳಿ" ಎಂದಳು ಬಿಂಡಿಗನವಿಲೆಯ ಕಡೆಯ ಒಬ್ಬಳು.

ಅಂದು ಮನೆಗೆ ಬಂದು ಬೀರು ತೆರೆದೆ. ಮೂವರ ಹೆಸರೂ ಅಲ್ಲಿತ್ತು. ಮೊದಲ ಹೆರಿಗೆಗೋ ಬೇರೆ ಯಾವುದಕ್ಕೋ ಅವರು ಮೇರಿಯ ಕೈಯಲ್ಲಿ ಮಲಗಿ ಎದ್ದವರು. ಮತ್ತಿನಿಂದ ಏಳುವಾಗ ಆ ಹಳೆಯ ನೆನಪೂ ಎದ್ದಿತ್ತು, ಅಷ್ಟೆ. ಲೆಕ್ಕ ಸರಿಹೋಯಿತು. ಆದರೂ ಸೀರೆಯನ್ನು ಪತ್ರಿಕೆಯಲ್ಲಿ ಸುತ್ತಿ ಮೇಲಿನ ಅಟ್ಟಕ್ಕೆ ಹಾಕಿದೆ.

ಜಯಮ್ಮ ಕೊನೆಗೂ ಬಾಯಿಬಿಟ್ಟರು. ರತ್ನಮ್ಮನಿಗೆ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಯಾರ ತಪ್ಪೂ ಅಲ್ಲ, ರಕ್ತ ತರಲು ಹೋದ ಜೀಪು ಬರುವಷ್ಟು ಹೊತ್ತು ಅವಳಲ್ಲಿ ಉಳಿದಿರಲಿಲ್ಲ. ಹೊರಗೆ ಸೇರಿದ್ದ ಜನ ಮಾತ್ರ, "ಮತ್ತು ಕೊಟ್ಟೋಳು ಉಸ್ರು ಈಸ್ಕಂಡು ವಾಪಸ್ ಕೊಡ್ನಿಲ್ಲ" ಎಂದರು. ಮೂರು ದಿನ ಮೇರಿಯ ಮನೆಗೆ ಹಾಲು ಬರಲಿಲ್ಲ, ಅಂಗಡಿಯವನು ಸಾಮಾನು ಕೊಡಲಿಲ್ಲ. ನಾಲ್ಕನೆಯ ದಿನ ಅವಳು ಬಸ್ಸು ಹತ್ತಿದಳು.

"ಪುಟ್ಟಸ್ವಾಮಿ ಸರ್ ಏನಂದ್ರು?" ಎಂದೆ.

"ಏನೂ ಅನ್ನಲಿಲ್ಲ ಕಣಮ್ಮ. ಅದೇ ಆಗಿದ್ದು."

ನಾನು ನೇರವಾಗಿ ಅವರನ್ನೇ ಕೇಳಿದೆ. ಅವರು ಬಹಳ ಹೊತ್ತು ಕೈ ತೊಳೆದರು. "ಹೊರಗಡೆ ನಿಂತಿದ್ದವರೆಲ್ಲ ನಮ್ಮ ನೆಂಟರು, ಇಷ್ಟರು. ನಾನು ಬಾಗಿಲಿಗೆ ಬಂದು ಒಂದು ಮಾತು ಹೇಳಬೇಕಾಗಿತ್ತು. ನಾಳೆ ಹೇಳೋಣ ಅಂದುಕೊಂಡೆ" ಎಂದರು. ಅವರ ಮುಖ ನೋಡಿ ಬೈಯಲು ಆಗಲಿಲ್ಲ. ಅದೇ ಸಂಜೆ ವಿಜಾಪುರ ಜಿಲ್ಲೆಗೆ ವರ್ಗ ಬೇಡಿ ಅರ್ಜಿ ಬರೆದೆ. ಯಾರಿಗೆ ಗೊತ್ತು, ನನ್ನ ಸರದಿಯೂ ಬರಬಹುದು ಎನಿಸಿತ್ತು.

ಬಂತು. ಬೇಸಿಗೆಯ ಒಂದು ಗುರುವಾರ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಮಂಜುಳ ಎಂಬ ಹುಡುಗಿಯನ್ನು ಟ್ರಾಕ್ಟರಿನಲ್ಲಿ ತಂದರು. ಕೆ.ಆರ್. ಪೇಟೆ ಕಡೆಯ ಮಗಳು, ಬಿಂಡಿಗನವಿಲೆ ಪಕ್ಕದ ಹಳ್ಳಿಗೆ ಮದುವೆಯಾಗಿ ಬಂದು ವರ್ಷವಾಗಿತ್ತು. ಮಗುವಿಗಿಂತ ಮೊದಲು ಹೊಕ್ಕಳಬಳ್ಳಿ ಹೊರಗೆ ಬಂದುಬಿಟ್ಟಿತ್ತು. ನಿಮಿಷಗಳಲ್ಲಿ ಕೊಯ್ಯಬೇಕು. ನಿದ್ದೆ ಮಾಡಿಸಿ, ಮೈಯ ಸ್ನಾಯುಗಳನ್ನು ಐದು ನಿಮಿಷ ಸಡಿಲಿಸುವ ಮದ್ದು ಕೊಟ್ಟು, ಗಂಟಲಿಗೆ ಕೊಳವೆ ಇಳಿಸಿ, ಉಸಿರಿನ ಕೆಲಸವನ್ನು ನನ್ನ ಕೈಗೆ ತೆಗೆದುಕೊಂಡೆ. ಒತ್ತಿದರೆ ಎದೆಗೆ ಗಾಳಿ ಹೋಗುವ ಒಂದು ರಬ್ಬರ್ ಚೀಲ, ಅಷ್ಟೇ ನಮ್ಮ ಯಂತ್ರ. ಮಗು ಅತ್ತಿತು, ಗಂಡು. ಹೊಲಿಗೆ ಮುಗಿಯಿತು. ಐದು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಮಂಜುಳ ಉಸಿರಾಡಲಿಲ್ಲ.

ಎಲ್ಲೋ ಒಬ್ಬರ ರಕ್ತಕ್ಕೆ ಆ ಮದ್ದನ್ನು ಕರಗಿಸುವ ಗುಣ ಹುಟ್ಟಿನಿಂದಲೇ ಇರುವುದಿಲ್ಲ. ನಮ್ಮ ಪ್ರೊಫೆಸರು ಹೇಳಿದ್ದರು, ತಮ್ಮ ಇಡೀ ಆಯುಷ್ಯದಲ್ಲಿ ಒಮ್ಮೆ ನೋಡಿದ್ದರಂತೆ. ಅದಕ್ಕೆ ಔಷಧವಿಲ್ಲ. ಮದ್ದು ತಾನಾಗಿ ಇಳಿಯುವವರೆಗೆ ಚೀಲ ಒತ್ತುತ್ತಲೇ ಇರಬೇಕು. ಗಂಟೆಗಳಾಗಬಹುದು. ನಾಡಿ ಚೆನ್ನಾಗಿತ್ತು, ಮೈ ಬೆಚ್ಚಗಿತ್ತು, ಮುಖ ಮಾತ್ರ ಹೆಣದಂತೆ. ಇನ್ನೂ ಭಯಾನಕವೆಂದರೆ ಅವಳು ಒಳಗೆ ಎಚ್ಚರವಾಗಿಯೇ ಇರಬಹುದು, ರೆಪ್ಪೆ ಎತ್ತಲೂ ಆಗದೆ. ಆಗಾಗ ನಿದ್ದೆಯ ಮದ್ದು ಕೊಟ್ಟೆ. ಆದರೂ ಅವಳ ಕಿವಿಯ ಹತ್ತಿರ ಬಾಗಿ ಮಾತಾಡುತ್ತಲೇ ಇದ್ದೆ. ಕನ್ನಡ ಮುಗಿದು, ಜ್ವರ ಬಂದಾಗ ಯಾಡಿ ಆಡುತ್ತಿದ್ದ ನಮ್ಮ ಲಂಬಾಣಿಗರ ಗೋರ್ ಮಾತು ತಾನಾಗಿ ಬಂತು.

ಹೊರಗೆ ಸದ್ದು ಏರಿತು. ಮಗು ತೋರಿಸಿದರು, ತಾಯಿ ಎಲ್ಲಿ? ಯಾರೋ ಕಿಟಕಿಯ ಹಸಿರು ಬಟ್ಟೆಯ ಹೊರಗಿನಿಂದ ಕೂಗಿದರು, "ಇವ್ಳೂ ಅಂಗೇ ಮಾಡ್ಬುಟ್ಳು ಕಣ್ಲಾ! ಉಸ್ರು ಈಸ್ಕಬುಟ್ಳು!"

ನಾನು ಚೀಲದಿಂದ ಕೈ ತೆಗೆಯದೆ ಪುಟ್ಟಸ್ವಾಮಿಯವರ ಕಡೆ ತಿರುಗಿದೆ. "ಸರ್, ನಾನು ಹೋದ್ರ ಇಕಿ ಸಾಯ್ತಾಳ. ನೀವ ಹೋಗ್ರಿ. ನಾಳೆ ಅಲ್ಲ, ಈಗ."

ಅವರು ನನ್ನನ್ನು ನೋಡಿದರು. ಕೈಗವಸು ಬಿಚ್ಚಿದರು. ಮತ್ತೆ ತೊಟ್ಟುಕೊಳ್ಳಲು ಹೋದರು. ಆಮೇಲೆ ಅದನ್ನು ನೆಲಕ್ಕೆ ಹಾಕಿ, ರಕ್ತವಾಗಿದ್ದ ಮೇಲಂಗಿಯಲ್ಲೇ ಬಾಗಿಲು ತೆರೆದು ಹೊರಗೆ ಹೋದರು. ಅವರ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಲೇ, ಮುಚ್ಚಲಾ ಬಾಯಿ! ಆಯಮ್ಮ ಕೈ ಬುಟ್ರೆ ನಿಮ್ಮುಡುಗಿ ಇಲ್ಲ. ಒಂದೂವರೆ ಗಂಟೆಯಿಂದ ಆಯಮ್ಮನೇ ಇವಳಿಗೆ ಉಸಿರು. ಮೇರಮ್ಮಂದೂ ತಪ್ಪಿರಲಿಲ್ಲ ಕಣ್ರಲಾ. ಅವತ್ತೇ ಏಳ್ಬೇಕಾಗಿತ್ತು, ಏಳ್ನಿಲ್ಲ ನಾನು. ನಂದು ತಪ್ಪು."

ಸ್ವಲ್ಪ ಹೊತ್ತಾದ ಮೇಲೆ ಅವರು ಮಂಜುಳಳ ಅತ್ತೆ ಕೆಂಪಮ್ಮನನ್ನು ಒಳಗೆ ಕರೆತಂದರು. ಎತ್ತರದ ಹೆಂಗಸು, ಸೆರಗು ಬಿಗಿದು ಗೋಡೆಗೆ ಒರಗಿ ನಿಂತಳು. ಸೊಸೆಯ ಎದೆ ನನ್ನ ಕೈಯ ಒತ್ತಿಗೆ ಏರಿಳಿಯುವುದನ್ನು ಬಿಡುಗಣ್ಣಲ್ಲಿ ನೋಡಿದಳು. ಇನ್ನೂ ಒಂದು ಗಂಟೆ ಕಳೆಯಿತು. ಜಯಮ್ಮ ನನ್ನ ಕೈ ಬಿಡಿಸಿ ಹತ್ತು ಹತ್ತು ನಿಮಿಷ ಒತ್ತುತ್ತಿದ್ದರು, ಆದರೆ ಆಮ್ಲಜನಕದ ಸಿಲಿಂಡರು ಬದಲಿಸಲು, ರಕ್ತದೊತ್ತಡ ನೋಡಲು ಅವರೇ ಬೇಕು. ನನ್ನ ಬಲಗೈ ಬೆರಳು ಮಡಚಿಕೊಂಡು ಬಿಚ್ಚದಾಯಿತು.

"ನಾನು ಅಮುಕ್ಲವ್ವಾ?" ಎಂದಳು ಕೆಂಪಮ್ಮ.

ಅವಳ ಕೈಯನ್ನು ಚೀಲದ ಮೇಲಿಟ್ಟು, ಅದರ ಮೇಲೆ ನನ್ನ ಕೈಯಿಟ್ಟೆ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು, ನನ್ನ ಅಂಗೈ ಅವಳಿಗೆ ಹೇಳಿತು. ಹಾಲು ಕರೆಯುವ ಕೈ, ಬೇಗ ಕಲಿಯಿತು. ಅವಳ ಮನೆಯ ಅಂಗಳದಲ್ಲಿ ನನಗೆ ನೀರು ಯಾವ ಲೋಟದಲ್ಲಿ ಸಿಗುತ್ತಿತ್ತೋ, ಆ ಹೊತ್ತಿನಲ್ಲಿ ಇಬ್ಬರೂ ಅದನ್ನು ಯೋಚಿಸಲಿಲ್ಲ. ಊರು ಮಧ್ಯಾಹ್ನದ ಊಟ ಮಾಡಿ ಮಲಗುವ ಹೊತ್ತು. ನೊಣದ ಸದ್ದು ಬಿಟ್ಟರೆ ಆ ಚೀಲ ಉಬ್ಬುವ, ಇಳಿಯುವ ಸದ್ದು. ಮೂರೂವರೆಗೆ ಮಂಜುಳಳ ಹುಬ್ಬು ಅಲುಗಿತು. ಆಮೇಲೆ ನಮ್ಮ ಕೈಗೆ ವಿರುದ್ಧವಾಗಿ, ತನ್ನದೇ ಒಂದು ಸಣ್ಣ ಉಸಿರನ್ನು ಅವಳು ಎಳೆದುಕೊಂಡಳು.

ಮರುದಿನ ಅವಳು ದಿಂಬಿಗೆ ಒರಗಿ ಮಗುವಿಗೆ ಹಾಲು ಕೊಡುತ್ತಿದ್ದಳು. ಏನಾದರೂ ನೆನಪಿದೆಯಾ ಎಂದು ಕೇಳಿದೆ.

"ಕಣ್ ಬುಡಾಕಾಗ್ತಿರ್ಲಿಲ್ಲ. ಆದ್ರೆ ಒಸಿ ಒಸಿ ಕೇಳುಸ್ತಿತ್ತು" ಎಂದಳು. ಒಸಿ ಎಂದರೆ ಇಲ್ಲಿ ಸ್ವಲ್ಪ. "ನೀವು ಅದ್ಯಾವ್ದೋ ಬ್ಯಾರೆ ಬಾಸೆ ಮಾತಾಡ್ತಿದ್ರಿ. ತಿಳೀದಿದ್ರೂ ಚೆಂದಾಗಿತ್ತು. ಈ ಪಕ್ಕ ಇನ್ನೊಬ್ರು ನಿಂತ್ಕಂಡು, 'ಬಿಡಬೇಡಿ, ಬಿಡಬೇಡಿ' ಅಂತಾನೇ ಇದ್ರು. ಅವ್ರು ಯಾರು?"

ಅವಳು ತೋರಿಸಿದ್ದು ನನ್ನ ಎಡಗಡೆ. ಕೆಂಪಮ್ಮ 'ಅಮುಕ್ಲವ್ವಾ' ಎಂದದ್ದು ಬಿಟ್ಟರೆ ಒಂದು ಮಾತೂ ಆಡಿರಲಿಲ್ಲ. ಜಯಮ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನನ್ನ ಹಿಂದೆಯೇ ಬಂದರು. ವರಾಂಡಕ್ಕೆ ಬಂದ ಮೇಲೆ ಅವರು ನನ್ನ ತೋಳು ಹಿಡಿದುಕೊಂಡರು. "ರತ್ನಮ್ಮ ಓಗೋ ದಿನ ಮೇರಮ್ಮ ಕೊನೇಗಂಟ ಅದೊಂದೇ ಮಾತು ಕಣಮ್ಮ. ಬಿಡಬೇಡಿ ಸಿಸ್ಟರ್, ಬಿಡಬೇಡಿ ಸಿಸ್ಟರ್ ಅಂತ."

ಮನೆಗೆ ಹೋಗಿ ಬೀರು ತೆರೆದು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ಮಂಜುಳಳ ಹೆಸರು ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಮೇರಿ ಇದ್ದ ವರ್ಷದಲ್ಲಿ ಅವಳು ಈ ಸೀಮೆಗೇ ಬಂದಿರಲಿಲ್ಲ. ಅರ್ಧ ಮತ್ತಿನಲ್ಲಿರುವವರ ಕಿವಿ ಏನೇನೋ ಕಟ್ಟಿಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಈಗಲೂ ಹೇಳಿಕೊಳ್ಳುತ್ತೇನೆ.

ವಿಳಾಸ ಹುಡುಕಿ ಮೇರಿಗೆ ಪತ್ರ ಬರೆದೆ. ಪುಟ್ಟಸ್ವಾಮಿಯವರು ಹೊರಗೆ ನಿಂತು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದೆ. ಅವರೂ ಒಂದು ಹಾಳೆ ಸೇರಿಸಿದರು. ನನಗೆ ತೋರಿಸಲಿಲ್ಲ. ತಿಂಗಳಾದ ಮೇಲೆ ಉತ್ತರ ಬಂತು. "ನಾನು ಈಗ ಅರಿವಳಿಕೆ ಕೊಡುವುದಿಲ್ಲ. ಕೆಮ್ಮು ಜ್ವರ ನೋಡುತ್ತೇನೆ. ಸ್ಟವ್ ನೀವೇ ಇಟ್ಟುಕೊಳ್ಳಿ. ರತ್ನಮ್ಮನ ಹೆಸರನ್ನು ಅಳಿಸಬೇಡಿ." ವಾಪಸು ಬರುತ್ತೇನೆ ಎಂದು ಬರೆದಿರಲಿಲ್ಲ. ನಾನು ಹಾಗೆ ಯಾಕೆ ನಿರೀಕ್ಷಿಸಿದೆನೋ.

ಆ ಮಳೆಗಾಲದಲ್ಲಿ ಪುಟ್ಟಸ್ವಾಮಿ ನನ್ನನ್ನು ಮೈಸೂರಿನ ಒಂದು ವೈದ್ಯಕೀಯ ಕಾಲೇಜಿಗೆ ಕರೆದೊಯ್ದರು. ಪಾಂಡವಪುರ ದಾಟಿದ ಮೇಲೆ ಕಬ್ಬು, ಭತ್ತ, ಶ್ರೀರಂಗಪಟ್ಟಣದ ಸೇತುವೆಯ ಕೆಳಗೆ ಕೆಂಪು ಹೊಳೆ. ಇಷ್ಟೊಂದು ಹಸಿರು ನೋಡಿದರೆ ನನಗೆ ಇಂದಿಗೂ ನಂಬಿಕೆ ಬರುವುದಿಲ್ಲ, ಬೇರೆ ಯಾರದೋ ಮನೆಯ ಮದುವೆಯಲ್ಲಿ ಕೂತಂತೆ. ಕಾಲೇಜಿನಲ್ಲಿ ನಮ್ಮಂಥ ಮನೆಗಳಿಂದ ಬಂದ ಹನ್ನೆರಡು ವಿದ್ಯಾರ್ಥಿಗಳ ಮುಂದೆ ಅರಿವಳಿಕೆಯ ವಿಭಾಗಕ್ಕೆ ಬನ್ನಿ ಎಂದು ನಾನು ಹೇಳಬೇಕಾಗಿತ್ತು. ಹುಬ್ಬಳ್ಳಿಯಲ್ಲಿ ಯಾರೂ ನನಗೆ ಹೇಳದೆ ಬಿಟ್ಟದ್ದನ್ನೂ ಹೇಳಿದೆ. ಮನೆ ಸಿಗದ ವಿಷಯ, ಮೇರಿಯ ವಿಷಯ. ಪುಟ್ಟಸ್ವಾಮಿ ತಲೆ ತಗ್ಗಿಸಿ ಕೂತು ಕೇಳಿದರು. ಹನ್ನೊಂದು ಮಂದಿ ಎದ್ದುಹೋದರು. ಚಿತ್ರದುರ್ಗದ ಕಡೆಯ ನಾಗವೇಣಿ ಎಂಬುವಳು, ಬೀದಿ ಗುಡಿಸುವವರ ಮಗಳು, ಉಳಿದಳು. "ಬಂದ್ರೆ ಉಳಿಯೋಕಾಗುತ್ತಾ ಮೇಡಂ?" ಎಂದಳು. "ಒಬ್ಬಳಿಗೆ ಆಗೋದಿಲ್ಲ" ಎಂದೆ.

ವಿಜಾಪುರಕ್ಕೆ ವರ್ಗದ ಆದೇಶ ಬಂದದ್ದು ಅದಾದ ಮೇಲೆ. ತಾಂಡಾದಿಂದ ಒಂದೇ ಬಸ್ಸಿನ ದಾರಿ. ರಜೆಗೆ ಬಂದಾಗ ಆ ಕಾಗದ ಯಾಡಿಯ ಮಡಿಲಲ್ಲಿಟ್ಟೆ. ನೀವೆಲ್ಲ ಅಂಗಳದಲ್ಲಿ ಕೂತಿದ್ದಿರಿ. ಯಾಡಿ ಅದನ್ನು ಸವರಿ ನೋಡಿದಳು. ಆಮೇಲೆ, ನಾನು ಮಾತಾಡುವಾಗ ಪದದ ಕೊನೆ ನುಂಗುತ್ತೇನೆ, ಬೇಳೆಗೆ ತೆಂಗಿನಕಾಯಿ ಹಾಕುತ್ತೇನೆ, ನಿದ್ದೆಯಲ್ಲಿ ಬಲಗೈ ಮುಚ್ಚಿ ತೆರೆಯುತ್ತೇನೆ ಎಂದಳು. "ಅಲ್ಲಿ ಯಾರನ್ನ ಬಿಟ್ಟು ಬಂದೀ?" ಎಂದು ಕೇಳಿದಳು. ಒಂದು ವರ್ಷ ತಡೆಯಿರಿ ಎಂದು ಬರೆದು ಆದೇಶವನ್ನು ಹಿಂದಿರುಗಿಸಿದೆ. ಹೀಗೆ ಎರಡು ಸಲ ಬರೆದಿದ್ದೇನೆ.

ಕಳೆದ ವಾರ ನಾಗವೇಣಿ ಓದು ಮುಗಿಸಿ ಬಂದಳು. ನಾಗಮಂಗಲದ ಬಸ್ ನಿಲ್ದಾಣಕ್ಕೆ ನಾನೇ ಹೋಗಿದ್ದೆ. ಎರಡು ಚೀಲ, ಒಂದು ಚಾಪೆ, ಕಣ್ಣಲ್ಲಿ ಎಲ್ಲವನ್ನೂ ಒಮ್ಮೆಗೇ ನೋಡುವ ಆತುರ. ಕೆಂಪಮ್ಮನ ತಂಗಿಯ ಮನೆಯಲ್ಲಿ ಅವಳಿಗೆ ಒಂದು ಕೋಣೆ ನೋಡಿಟ್ಟಿದ್ದೆ. ಜನ ಯಾವುದೆಂದು ನಾನೇ ಮೊದಲು ಹೇಳಿ, ಅವರು ಬಾಗಿಲ ಕಡೆ ನೋಡುವವರೆಗೂ ಕಾದು, ಅವರು ಮತ್ತೆ ನನ್ನ ಕಡೆ ತಿರುಗುವವರೆಗೂ ಕೂತಿದ್ದೆ. ಹೂಂ ಅನ್ನಲು ಅರ್ಧ ಗಂಟೆ ಹಿಡಿಯಿತು.

ನಾಗವೇಣಿ ಚೀಲ ಹೆಗಲಿಗೇರಿಸಿ, "ಮೇಡಂ, ಇದು ನಿಮ್ಮೂರಾ?" ಎಂದಳು.

"ಅಲ್ಲ" ಎಂದೆ. ಅಷ್ಟರಲ್ಲಿ ಎಳನೀರು ಮಾರುವವನು ನಮ್ಮನ್ನು ನೋಡಿ, "ಯಾರಮ್ಮಾ, ನಿಮ್ಮ ಕಡೆಯೋರಾ?" ಎಂದು ಕೇಳಿದ.

"ಹೌದು, ನಮ್ಮೋರು" ಎಂದು ಅವಳ ಇನ್ನೊಂದು ಚೀಲವನ್ನು ನಾನು ಎತ್ತಿಕೊಂಡೆ.